ಸೀನಿಯಾರಿಟಿ ಪಟ್ಟಿ ತೋರಿಸಿ, ಆಮೇಲೆ ಸಹಿ ಕೇಳಿ

ಮಾನ್ಯ ಸಂಪಾದಕರೇ,

ಟಾಟಾದವರ ವಿಸ್ತಾರಾ ಏರ್‌ಲೈನ್ ಏರ್ ಇಂಡಿಯಾ ಜೊತೆ ವಿಲೀನವಾಗುವ ಮೊದಲು ಪೈಲಟ್‌ಗಳಿಗೆ ಹೊಸ ಸಂಬಳದ ಒಪ್ಪಂದ ಕಳಿಸಿ, 2024ರ ಏಪ್ರಿಲ್ ಮೊದಲ ವಾರದಲ್ಲಿ ಅದರ ವಿಮಾನಗಳು ಸಾಲು ಸಾಲಾಗಿ ರದ್ದಾದ ಮೇಲೆ ಪೈಲಟ್‌ಗಳ ಬಗ್ಗೆ ಎಲ್ಲರೂ ಮಾತಾಡುತ್ತಿದ್ದಾರೆ. ನಿಮ್ಮ ಓದುಗರ ಪತ್ರಗಳಲ್ಲೂ ಎರಡು ಮೂರು ಬಂದವು. ಎಲ್ಲದರ ಸಾರ ಒಂದೇ. ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರಿಗೆ ಇನ್ನೂ ಏನು ಬೇಕು, ಜನರನ್ನು ಏರ್‌ಪೋರ್ಟಿನಲ್ಲಿ ಕೂರಿಸಿ ತಾವು ಸಿಕ್ ಲೀವ್ ಹಾಕಿ ಮನೆಯಲ್ಲಿ ಕೂರುತ್ತಾರಲ್ಲ, ಇವರಿಗೆ ಜವಾಬ್ದಾರಿ ಅನ್ನುವುದು ಬೇಡವಾ ಅಂತ. ಸಿಟ್ಟು ಅರ್ಥವಾಗುತ್ತದೆ. ಮಗುವನ್ನು ಎತ್ತಿಕೊಂಡು ರಾತ್ರಿಯೆಲ್ಲ ಕೌಂಟರ್ ಮುಂದೆ ನಿಂತವರಿಗೆ ಪೈಲಟ್‌ಗಳ ಒಪ್ಪಂದ ಕಟ್ಟಿಕೊಂಡು ಏನಾಗಬೇಕು. ಆದರೆ ಆ ಒಪ್ಪಂದವನ್ನು ಕೈಯಲ್ಲಿ ಹಿಡಿದುಕೊಂಡು ಕೂತ ಒಬ್ಬ ಕೋ-ಪೈಲಟ್ ಏನನ್ನು ಲೆಕ್ಕ ಹಾಕುತ್ತಾನೆ, ಏನಕ್ಕೆ ಹೆದರುತ್ತಾನೆ ಅನ್ನುವುದು ನಾನು ಓದಿದ ಯಾವ ವರದಿಯಲ್ಲೂ ಸರಿಯಾಗಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸಬೇಡಿ.

ನನ್ನ ಮಗ ಕೋ-ಪೈಲಟ್. ವಿಸ್ತಾರಾದಲ್ಲಿ ಅಲ್ಲ, ಬೇರೆ ಕಂಪನಿ. ಅವನು ಇನ್ನೂ ಕೆಲಸದಲ್ಲಿ ಇರುವುದರಿಂದ ಕಂಪನಿಯ ಹೆಸರು ಬೇಡ, ನನ್ನ ಹೆಸರೂ ಬೇಡ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸಾಲದ ಕಾಗದ, ಜಾಮೀನಿನ ಕಾಗದ, ಎಲ್ಲ ಷರತ್ತುಗಳನ್ನೂ ಕೊನೆಯ ಸಾಲಿನವರೆಗೆ ಓದಿಯೇ ಅಭ್ಯಾಸ. ಮಗನಿಗೆ ಬಂದ ಒಪ್ಪಂದವನ್ನೂ ಹಾಗೇ ಓದಿದ್ದೇನೆ.

ಮೊದಲು ಸಂಬಳದ ವಿಷಯ ಮುಗಿಸಿಬಿಡುತ್ತೇನೆ, ಎಲ್ಲರ ಬಾಯಲ್ಲೂ ಅದೇ ಇದೆಯಲ್ಲ. ವಿಸ್ತಾರಾ ಪೈಲಟ್‌ಗಳಿಗೆ ಮೊದಲು ತಿಂಗಳಿಗೆ 70 ಗಂಟೆ ಹಾರಾಟದ ಲೆಕ್ಕದಲ್ಲಿ ಸಂಬಳ ಖಚಿತವಿತ್ತು. ಹೊಸ ಒಪ್ಪಂದದಲ್ಲಿ ಅದು 40 ಗಂಟೆ. ಅದಕ್ಕಿಂತ ಜಾಸ್ತಿ ಹಾರಿದರೆ ಗಂಟೆಗೆ ಇಂತಿಷ್ಟು ಅಂತ ಸೇರುತ್ತದೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಹಾರಿದಷ್ಟಕ್ಕೆ ದುಡ್ಡು, ಅಲ್ವಾ? ಆದರೆ ಎಷ್ಟು ಹಾರಬೇಕು ಅಂತ ತೀರ್ಮಾನ ಮಾಡುವುದು ಪೈಲಟ್ ಅಲ್ಲ, ರೋಸ್ಟರ್, ಅಂದರೆ ಕಂಪನಿ ಹಾಕುವ ಡ್ಯೂಟಿ ಪಟ್ಟಿ. ವಿಮಾನ ರಿಪೇರಿಗೆ ನಿಂತರೆ, ಎಂಜಿನ್ ಬಾರದೆ ಹ್ಯಾಂಗರಿನಲ್ಲಿ ಕೂತರೆ, ಸ್ಟ್ಯಾಂಡ್‌ಬೈ ಹಾಕಿ ಕರೆಯದೇ ಇದ್ದರೆ ಗಂಟೆ ಕಡಿಮೆಯಾಗುತ್ತದೆ. ತಪ್ಪು ಅವನದಲ್ಲ, ಕಡಿತ ಅವನಿಗೆ. ಈ ಏಟು ಜಾಸ್ತಿ ಬೀಳುವುದು ಕೋ-ಪೈಲಟ್‌ಗಳಿಗೆ, ಯಾಕೆಂದರೆ ಅವರ ಮೇಲೆ ಟ್ರೇನಿಂಗಿನ ಸಾಲ ಇನ್ನೂ ಇರುತ್ತದೆ.

ಇನ್ನೊಂದು ಮಾತು ಯಾರೂ ಹೇಳುತ್ತಿಲ್ಲ. ಕೋ-ಪೈಲಟ್ ಕ್ಯಾಪ್ಟನ್ ಆಗಬೇಕಾದರೆ ಕಮಾಂಡ್ ಟ್ರೇನಿಂಗ್ ಇದೆ. ತರಗತಿ, ಸಿಮ್ಯುಲೇಟರ್, ಮತ್ತೆ ಸಿಮ್ಯುಲೇಟರ್, ಆಮೇಲೆ ಮೇಲ್ವಿಚಾರಣೆಯಲ್ಲಿ ಹಾರಾಟ. ಸಣ್ಣ ವಿಮಾನದಿಂದ ದೊಡ್ಡದಕ್ಕೆ, ಅಂದರೆ ಏರ್‌ಬಸ್ ಎ320ಯಿಂದ ಬೋಯಿಂಗ್ 787ಕ್ಕೆ ಹೋಗಬೇಕಾದರೂ ಹೀಗೇ. ವಾರಗಟ್ಟಲೆ ಅವನು ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವುದೇ ಇಲ್ಲ, ಹಾಗಾಗಿ ಗಂಟೆಗಳ ಖಾತೆಗೆ ಏನೂ ಬೀಳುವುದಿಲ್ಲ. ಖಚಿತ ಸಂಬಳ 70 ಗಂಟೆಗೆ ಇದ್ದಾಗ ಈ ಸಮಯ ಹೇಗೋ ಸಾಗುತ್ತಿತ್ತು. 40 ಆದಾಗ ಮೇಲಕ್ಕೆ ಹೋಗುವ ಮೆಟ್ಟಿಲಲ್ಲೇ ಕೈ ಖಾಲಿ. ಇಎಂಐ ಇರುವವನು ಬಡ್ತಿಯ ಟ್ರೇನಿಂಗನ್ನೇ ಮುಂದಕ್ಕೆ ಹಾಕುವ ಯೋಚನೆ ಮಾಡುತ್ತಾನೆ. ಸಂಬಳದ ಷರತ್ತು ಬಡ್ತಿಗೆ ಹೀಗೆ ಅಡ್ಡ ಬರುತ್ತದೆ.

ಆದರೂ ನಾನು ಹೇಳಬೇಕಾದ ಮುಖ್ಯ ಮಾತು ಸಂಬಳದ್ದಲ್ಲ. ಕ್ಯಾಪ್ಟನ್ ಸೀಟಿನದ್ದು.

ಮಗ ಮನೆಗೆ ಬಂದಾಗ ಅವನ ಲಾಗ್‌ಬುಕ್ ಮೇಜಿನ ಮೇಲೆ ಇರುತ್ತದೆ. ಈಗೆಲ್ಲ ವಿಮಾನಯಾನದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಗೆ ಕಂಪ್ಯೂಟರಿನಲ್ಲೇ ತುಂಬುವುದು, ಆದರೂ ಅವನು ಕೈಯಲ್ಲಿ ಬರೆದ ಪುಸ್ತಕ ಬಿಟ್ಟಿಲ್ಲ. ಒಂದು ಸಾಲಿಗೆ ಒಂದು ಹಾರಾಟ. ತಾರೀಖು, ವಿಮಾನದ ನೋಂದಣಿ ಅಕ್ಷರಗಳು, ಬೆಂಗಳೂರು–ದೆಹಲಿ, ಎರಡೂಮುಕ್ಕಾಲು ಗಂಟೆ. ಪಕ್ಕದಲ್ಲಿ ಎರಡು ಕಾಲಂ, ಪಿ1 ಮತ್ತು ಪಿ2. ಪಿ1 ಅಂದರೆ ವಿಮಾನದ ಕಮಾಂಡ್ ಹೊತ್ತವರ ಗಂಟೆ, ಪಿ2 ಅಂದರೆ ಜೊತೆಗೆ ಕೂತವರದ್ದು. ಪುಟ ತಿರುಗಿಸುತ್ತಾ ಹೋದರೆ ಪಿ2 ಕಾಲಂ ತುಂಬಿ ತುಂಬಿ ಪುಟದ ಕೆಳಗಿನ ಮೊತ್ತ ಬೆಳೆಯುತ್ತಾ ಹೋಗುತ್ತದೆ. ಪಿ1ರಲ್ಲಿ ಫ್ಲೈಯಿಂಗ್ ಸ್ಕೂಲಿನ ಸಣ್ಣ ವಿಮಾನದ ಗಂಟೆಗಳು ಬಿಟ್ಟರೆ ಏನೂ ಇಲ್ಲ. ಪೈಲಟ್ ಬದುಕು ಇರುವುದು ಆ ಖಾಲಿ ಕಾಲಂ ಯಾವಾಗ ತುಂಬಲು ಶುರುವಾಗುತ್ತದೆ ಅನ್ನುವುದರಲ್ಲಿ. ಕ್ಯಾಪ್ಟನ್ ಆದ ದಿನದಿಂದ ಸಂಬಳ ಎರಡು ಪಟ್ಟಾಗುತ್ತದೆ, ಎಷ್ಟೋ ಕಡೆ ಇನ್ನೂ ಜಾಸ್ತಿ. ಮುಂದೆ ದುಬೈಗೋ ದೋಹಾಕ್ಕೋ ಹೋಗಿ ಕ್ಯಾಪ್ಟನ್ ಆಗಿಯೇ ಸೇರಬೇಕಾದರೆ ಅವರು ಕೇಳುವುದೂ ಪಿ1 ಗಂಟೆಗಳನ್ನೇ. ಟ್ರೇನರ್ ಆಗಬೇಕಾದರೂ ಅದೇ. ಡಿಜಿಸಿಎ ನಿಯಮದಲ್ಲಿ 65 ವರ್ಷಕ್ಕೆ ಏರ್‌ಲೈನ್ ಹಾರಾಟ ಮುಗಿಯಿತು. ಹಾಗಾಗಿ ಕ್ಯಾಪ್ಟನ್ ಆಗುವುದು ಮೂರು ವರ್ಷ ತಡವಾದರೆ ಆ ಮೂರು ವರ್ಷ ಕೊನೆಯಲ್ಲಿ ಸಿಗುವುದಿಲ್ಲ, ಹೋಯಿತು ಅಂದರೆ ಹೋಯಿತು.

ಅರ್ಹತೆ ದೊಡ್ಡ ಸಮಸ್ಯೆ ಅಲ್ಲ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸಿಗೆ ಒಟ್ಟು 1,500 ಗಂಟೆ ಹಾರಿರಬೇಕು, ಪರೀಕ್ಷೆಗಳು ಇವೆ. ವರ್ಷಕ್ಕೆ 1,000 ಗಂಟೆ ಮೀರುವಂತಿಲ್ಲ ಅನ್ನುವ ಮಿತಿ ಇದ್ದರೂ ಏರ್‌ಲೈನಿನಲ್ಲಿ ಚೆನ್ನಾಗಿ ಹಾರುವವರಿಗೆ ಅಷ್ಟು ಗಂಟೆ ಕೆಲವೇ ವರ್ಷಗಳಲ್ಲಿ ಆಗುತ್ತದೆ. ಆಮೇಲೆ ಶುರುವಾಗುವುದು ಸರದಿ. ಕಂಪನಿಗೆ ಹೊಸ ವಿಮಾನ ಬರಬೇಕು, ಕ್ಯಾಪ್ಟನ್ ಹುದ್ದೆ ಖಾಲಿಯಾಗಬೇಕು, ಆಗ ಪಟ್ಟಿಯಲ್ಲಿ ಮುಂದೆ ಇರುವವನನ್ನು ಕರೆಯುತ್ತಾರೆ. ಆ ಪಟ್ಟಿಯೇ ಸೀನಿಯಾರಿಟಿ ಪಟ್ಟಿ. ಎಷ್ಟು ಜಾಣ, ಎಷ್ಟು ಚೆನ್ನಾಗಿ ಇಳಿಸುತ್ತಾನೆ ಅನ್ನುವುದಕ್ಕಿಂತ ಮೊದಲು ಅವನ ನಂಬರ್ ಎಷ್ಟು ಅಂತ ನೋಡುತ್ತಾರೆ. ಯಾವ ಬೇಸ್, ಅಂದರೆ ಯಾವ ಊರಿನಿಂದ ಹಾರುವ ಕೆಲಸ ಸಿಗುತ್ತದೆ, ಯಾವ ವಿಮಾನ ಸಿಗುತ್ತದೆ ಅನ್ನುವುದಕ್ಕೂ ಆ ನಂಬರೇ ಬೇಕು. ಕಂಪನಿ ಬಿಟ್ಟು ಬೇರೆ ಕಡೆ ಹೋದ ಕೋ-ಪೈಲಟ್‌ಗೆ ಮತ್ತೆ ಕೊನೆಯ ನಂಬರ್.

ಏರ್ ಇಂಡಿಯಾ, ವಿಸ್ತಾರಾ ಎರಡು ಕಂಪನಿ ಒಂದಾಗುತ್ತವೆ ಅಂದರೆ ಎರಡು ಪಟ್ಟಿ ಒಂದಾಗಬೇಕು. ಏರ್ ಇಂಡಿಯಾ ಹಳೆಯದು. ವಿಸ್ತಾರಾ ಹಾರಾಟ ಶುರು ಮಾಡಿದ್ದು 2015ರ ಜನವರಿಯಲ್ಲಿ. ವಿಸ್ತಾರಾ ಬೇಗ ಬೆಳೆದ ಕಂಪನಿ, ಅಲ್ಲಿ ಸೇರಿದವರು ಬೇಗ ಕ್ಯಾಪ್ಟನ್ ಆಗುವ ಆಸೆಯಿಂದಲೇ ಸೇರಿದ್ದು. ಕೆಲಸಕ್ಕೆ ಸೇರಿದ ದಿನಾಂಕದ ಮೇಲೆ ಪಟ್ಟಿ ಮಾಡಿದರೆ ಅವರು ಹಳಬರ ಹಿಂದೆ ಬೀಳುತ್ತಾರೆ. ಕ್ಯಾಪ್ಟನ್ ಆದ ದಿನಾಂಕದ ಮೇಲೆ ಮಾಡಿದರೆ ಏರ್ ಇಂಡಿಯಾದಲ್ಲಿ ವರ್ಷಗಟ್ಟಲೆ ಸರದಿಗಾಗಿ ಕಾದವರಿಗೆ ಅನ್ಯಾಯ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ಈ ಪಟ್ಟಿ ಹೇಗೆ ಆಗುತ್ತದೆ ಅನ್ನುವುದು ಮೊದಲೇ ಗೊತ್ತಾಗಬೇಕು. ಪಟ್ಟಿ ಕಣ್ಣೆದುರಿಗೆ ಇಲ್ಲದೆ ಸಂಬಳದ ಕಾಗದಕ್ಕೆ ಮಾತ್ರ ಸಹಿ ಕೇಳಿದರೆ, ಸಹಿ ಹಾಕುವವನು ತನ್ನ ಮುಂದಿನ 30 ವರ್ಷದ ಬಗ್ಗೆ ಏನೂ ತಿಳಿಯದೆ ಸಹಿ ಹಾಕಿದ ಹಾಗೆ. 98 ಶೇಕಡಾ ಪೈಲಟ್‌ಗಳು ಸಹಿ ಹಾಕಿದ್ದಾರೆ ಅಂತ ವಿಸ್ತಾರಾ ಹೇಳಿದೆ. ಇರಬಹುದು. ಸಹಿ ಹಾಕಿದವರೆಲ್ಲ ಒಪ್ಪಿ ಹಾಕಿದ್ದಾರೆ ಅಂತ ಅದರಿಂದ ತಿಳಿಯಬೇಡಿ. ಹಾಗಿದ್ದರೆ ಅದೇ ಕಂಪನಿ ದಿನಕ್ಕೆ 25–30 ವಿಮಾನಗಳನ್ನು ಕಡಿಮೆ ಮಾಡಬೇಕಾದ ಸ್ಥಿತಿ ಯಾಕೆ ಬಂತು?

ಇದು ಸುಮ್ನೆ ಹುಟ್ಟಿದ ಹೆದರಿಕೆ ಅಲ್ಲ. ನಮ್ಮ ದೇಶದಲ್ಲೇ ಆಗಿದೆ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಎರಡನ್ನೂ ಸೇರಿಸಿದರು. ಕಂಪನಿ ಒಂದಾಯಿತು, ಪೈಲಟ್‌ಗಳು ಒಂದಾಗಲಿಲ್ಲ. ಎರಡು ಸಂಘ, ಎರಡು ಸಂಬಳ, ಎರಡು ಪಟ್ಟಿ. ಅದನ್ನು ಸರಿಮಾಡಲು ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ಮಾಡಿದ್ದು ವಿಲೀನವಾಗಿ ವರ್ಷಗಳು ಕಳೆದ ಮೇಲೆ. ಆಮೇಲೆ 2012ರಲ್ಲಿ ಹೊಸ ಬೋಯಿಂಗ್ 787 ಬರುವ ಹೊತ್ತಿಗೆ ಗಲಾಟೆ ಎದ್ದಿತು. ಆ ವಿಮಾನದ ಟ್ರೇನಿಂಗ್ ಯಾರಿಗೆ ಅಂತ. ಇಂಡಿಯನ್ ಏರ್‌ಲೈನ್ಸ್‌ನಿಂದ ಬಂದವರಿಗೂ ಕೊಡುತ್ತೇವೆ ಅಂದರು, ಹಳೆಯ ಏರ್ ಇಂಡಿಯಾ ಪೈಲಟ್‌ಗಳು ನಮ್ಮ ಬಡ್ತಿ ಹೋಗುತ್ತದೆ ಅಂದರು. ಮೇ ತಿಂಗಳಲ್ಲಿ ಶುರುವಾದ ಮುಷ್ಕರ 58 ದಿನ ನಡೆಯಿತು. ಆಗಲೂ ಸಿಕ್ ಲೀವ್ ಹಾಕಿಯೇ ಶುರುವಾಗಿದ್ದು. 100ಕ್ಕೂ ಹೆಚ್ಚು ಪೈಲಟ್‌ಗಳನ್ನು ಕೆಲಸದಿಂದ ತೆಗೆದರು, ಅಂತರರಾಷ್ಟ್ರೀಯ ವಿಮಾನಗಳು ರದ್ದಾದವು, ಆಗ ಸರ್ಕಾರದ್ದೇ ಆಗಿದ್ದ ಕಂಪನಿಗೆ, ಅಂದರೆ ನಮ್ಮ ನಿಮ್ಮ ತೆರಿಗೆ ದುಡ್ಡಿಗೆ ನೂರಾರು ಕೋಟಿ ನಷ್ಟ. ಐದು ವರ್ಷ ಮೊದಲೇ ಪಟ್ಟಿಯ ವಿಷಯ ಕೂತು ಬಗೆಹರಿಸಿದ್ದರೆ ಇಷ್ಟೆಲ್ಲ ಬೇಕಿತ್ತಾ?

ನಮ್ಮ ಕನ್ನಡ ಓದುಗರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಉಡುಪಿ, ಮಂಗಳೂರು ಕಡೆ ಬೀದಿಗೊಬ್ಬರು ಬ್ಯಾಂಕಿನವರು ಇದ್ದಾರೆ, ಅವರನ್ನೇ ಕೇಳಿ. ವಿಲೀನ ಅಂದ ತಕ್ಷಣ ಊಟದ ಬಿಡುವಿನಲ್ಲಿ ಎಲ್ಲರೂ ಮಾತಾಡಿದ್ದು ಹೊಸ ಬೋರ್ಡಿನ ಬಣ್ಣದ ಬಗ್ಗೆ ಅಲ್ಲ. ನಮ್ಮ ಸೀನಿಯಾರಿಟಿ ಏನಾಗುತ್ತದೆ, ಪ್ರಮೋಷನ್‌ಗೆ ಯಾರು ಮುಂದೆ, ವರ್ಗಾವಣೆ ಎಲ್ಲಿಗೆ ಅಂತ. ಒಂದು ವ್ಯತ್ಯಾಸ ಇದೆ. ಬ್ಯಾಂಕಿನವರ ಹಿಂದೆ ಸಂಘ ಇತ್ತು, ದೇಶಕ್ಕೆಲ್ಲ ಒಂದೇ ಸಂಬಳದ ಒಪ್ಪಂದ ಇತ್ತು, ಸರ್ಕಾರ ಹೊರಡಿಸಿದ ವಿಲೀನದ ಯೋಜನೆ ಇತ್ತು. ಖಾಸಗಿ ಏರ್‌ಲೈನಿನ ಕೋ-ಪೈಲಟ್‌ಗೆ ಇರುವುದು ಒಂದು ಇ-ಮೇಲ್, ಅದರ ಕೆಳಗೆ ಸಹಿ ಹಾಕಲು ಕೊನೆಯ ದಿನಾಂಕ.

ಸಂಘದ ವಿಷಯ ಬಂತು, ಹೇಳಿಬಿಡುತ್ತೇನೆ. 2023ರ ಏಪ್ರಿಲ್‌ನಲ್ಲಿ, ಆಗಲೇ ಟಾಟಾ ಕೈಗೆ ಬಂದಿದ್ದ ಏರ್ ಇಂಡಿಯಾ ತನ್ನ ಪೈಲಟ್‌ಗಳಿಗೆ ಹೊಸ ಒಪ್ಪಂದ ಕಳಿಸಿದಾಗ ಅಲ್ಲೂ ಇದೇ 40 ಗಂಟೆ ಇತ್ತು. ಇನ್ನೊಂದು ಅಂಶವೂ ಇತ್ತು. ನಾಲ್ಕು ವರ್ಷ ಕಮಾಂಡರ್, ಅಂದರೆ ಕ್ಯಾಪ್ಟನ್ ಆಗಿದ್ದವರಿಗೆ ಸೀನಿಯರ್ ಕಮಾಂಡರ್ ಅಂತ ಬಡ್ತಿ, ಜೊತೆಗೆ ಅವರು ಮ್ಯಾನೇಜ್‌ಮೆಂಟ್ ವರ್ಗಕ್ಕೆ ಸೇರುತ್ತಾರೆ. ಬಡ್ತಿ ಯಾರಿಗೆ ಬೇಡ? ಆದರೆ ಮ್ಯಾನೇಜ್‌ಮೆಂಟ್ ಆದವರು ಸಂಘದಲ್ಲಿ ಇರುವಂತಿಲ್ಲ. ಅಂದರೆ ಅನುಭವ ಇರುವವರು, ಮಾತಾಡಲು ಧೈರ್ಯ ಇರುವವರು ಒಬ್ಬೊಬ್ಬರಾಗಿ ಸಂಘದಿಂದ ಹೊರಗೆ. ಉಳಿಯುವುದು ಹೊಸ ಹುಡುಗರು, ಸಾಲ ತೀರದವರು. ಅಲ್ಲಿನ ಪೈಲಟ್‌ಗಳ ಎರಡೂ ಸಂಘಗಳು ಒಪ್ಪಲಿಲ್ಲ, 1,500ಕ್ಕೂ ಹೆಚ್ಚು ಪೈಲಟ್‌ಗಳು ರತನ್ ಟಾಟಾ ಅವರಿಗೇ ಮನವಿ ಬರೆದರು. ನಾನು ಟಾಟಾ ಹೆಸರಿನ ಮೇಲೆ ಗೌರವ ಇರುವವಳು. ಆ ಗೌರವ ಇರುವುದರಿಂದಲೇ ಇದನ್ನು ಬರೆಯಬೇಕು ಅನ್ನಿಸಿತು. ಬಡ್ತಿಯನ್ನೇ ಬಾಯಿ ಮುಚ್ಚಿಸುವ ದಾರಿ ಮಾಡಬಾರದು.

ಒಪ್ಪಂದ ಇಷ್ಟವಾಗದಿದ್ದರೆ ಬಿಟ್ಟು ಹೋಗಲಿ ಅನ್ನುತ್ತಾರೆ ಜನ. ಬೆಂಗಳೂರಿನ ಐಟಿ ಹುಡುಗರು ಮೂರು ತಿಂಗಳ ನೋಟಿಸ್ ಪೀರಿಯಡ್ ಅಂದರೇ ಗೋಳಾಡುತ್ತಾರೆ. 2017ರಿಂದ ನಮ್ಮ ದೇಶದಲ್ಲಿ ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷ ನೋಟಿಸ್, ಕೋ-ಪೈಲಟ್ ಆದರೆ ಆರು ತಿಂಗಳು. ಇದು ಕಂಪನಿಯ ನಿಯಮ ಅಲ್ಲ, ಡಿಜಿಸಿಎ ನಿಯಮ. ಪ್ರಯಾಣಿಕರಿಗೆ ತೊಂದರೆ ಆಗಬಾರದು ಅಂತ ಮಾಡಿದ್ದು. ಸರಿ, ಒಪ್ಪೋಣ. ಆದರೆ ಪೈಲಟ್ ಬಿಡುವುದಕ್ಕೆ ಒಂದು ವರ್ಷ ಮೊದಲು ಹೇಳಬೇಕು ಅಂತ ಸರ್ಕಾರ ನಿಯಮ ಮಾಡುವುದಾದರೆ, ಕಂಪನಿ ಸಂಬಳದ ಷರತ್ತು ಬದಲಾಯಿಸುವುದಕ್ಕೆ ಎಷ್ಟು ದಿನ ಮೊದಲು ಹೇಳಬೇಕು ಅಂತಲೂ ನಿಯಮ ಬೇಡವಾ? ಇದರ ಮೇಲೆ ಬಾಂಡ್ ಬೇರೆ, ಅಂದರೆ ಇಷ್ಟು ವರ್ಷ ಕಂಪನಿ ಬಿಡುವುದಿಲ್ಲ ಅಂತ ಬರೆದುಕೊಟ್ಟ ಕಾಗದ. ನನ್ನ ಮಗನ ಬಾಂಡ್ ಇನ್ನೂ ಮುಗಿದಿಲ್ಲ. ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದ ಮೊತ್ತ ನೋಡಿದರೆ ಮನೆ ಮಾರಬೇಕು, ಆ ಮನೆ ಆಗಲೇ ಅವನ ಲೈಸೆನ್ಸಿಗಾಗಿ ಅಡ ಇದೆ. ಸೇರುವಾಗ ಅವನಿಗೆ ಇಂಟರ್‌ವ್ಯೂನಲ್ಲಿ ಇಷ್ಟು ವರ್ಷಕ್ಕೆ ಕಮಾಂಡ್ ಅಂತ ಬಾಯಿಮಾತಿನಲ್ಲಿ ಹೇಳಿದ್ದರು. ಒಪ್ಪಂದದಲ್ಲಿ ಆ ಮಾತು ಎಲ್ಲೂ ಇಲ್ಲ. ಇರುವುದು ‘ಕಂಪನಿಯ ಅಗತ್ಯಕ್ಕೆ ತಕ್ಕಂತೆ’ ಅನ್ನುವ ಒಂದು ಸಾಲು. ಹೇಳಿದ ವರ್ಷ ಬಂದು ಹೋಯಿತು, ಕೇಳಿದರೆ ಆ ಸಾಲನ್ನು ತೋರಿಸುತ್ತಾರೆ.

ಕಂಪನಿಗಳ ಕಡೆಯ ಮಾತೂ ಇದೆ, ಇಲ್ಲ ಅನ್ನುವುದಿಲ್ಲ. ಒಂದೇ ಕಾಕ್‌ಪಿಟ್‌ನಲ್ಲಿ ಕೂತ ಇಬ್ಬರಿಗೆ ಎರಡು ಥರದ ಸಂಬಳ ಇದ್ದರೆ ಕಂಪನಿ ನಡೆಯುವುದಿಲ್ಲ, ವಿಲೀನಕ್ಕೆ ಮೊದಲು ಎಲ್ಲರನ್ನೂ ಒಂದೇ ಒಪ್ಪಂದಕ್ಕೆ ತರುವುದು ಅನಿವಾರ್ಯ. ಏರ್ ಇಂಡಿಯಾ 2023ರಲ್ಲಿ 470 ವಿಮಾನಗಳಿಗೆ ಆರ್ಡರ್ ಕೊಟ್ಟಿತು, ಅಷ್ಟು ವಿಮಾನ ಬಂದರೆ ಎಲ್ಲರಿಗೂ ಬೇಗ ಬಡ್ತಿ ಸಿಗುತ್ತದೆ ಅನ್ನುವ ವಾದವೂ ಇದೆ. ವಿಮಾನ ಬಂದರೆ ಒಳ್ಳೆಯದೇ. ಆದರೆ ಯಾವ ವರ್ಷ ಬರುತ್ತವೆ? ಅಷ್ಟರಲ್ಲಿ ಹೊರಗಿನಿಂದ ನೇರವಾಗಿ ಕ್ಯಾಪ್ಟನ್‌ಗಳನ್ನು ತಂದು ಕೂರಿಸಿದರೆ ಒಳಗಿನವರ ಸರದಿ ಏನಾಗುತ್ತದೆ? ಆಕಾಶದಲ್ಲಿ ಎಷ್ಟು ವಿಮಾನ ಇದ್ದರೂ ಕೊನೆಯ ನಂಬರಿನವನು ಕೊನೆಯಲ್ಲೇ ಇರುತ್ತಾನೆ. ಮೇಲಾಗಿ ಕಂಪನಿಗಳು ನಿಂತೇ ಹೋದದ್ದನ್ನು ನಾವು ನೋಡಿದ್ದೇವೆ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ. ಅಲ್ಲಿನ ಕೋ-ಪೈಲಟ್‌ಗಳು ವರ್ಷಗಟ್ಟಲೆ ಕಾದು ಮೇಲೆ ಬಂದಿದ್ದ ನಂಬರ್‌ಗೆ ಮಾರನೆಯ ದಿನ ಬೆಲೆಯೇ ಇರಲಿಲ್ಲ. ಇಷ್ಟು ನೋಡಿದ ಮೇಲೂ ಬಾಯಿಮಾತನ್ನು ನಂಬಿ ಅಂದರೆ ಯಾರು ನಂಬುತ್ತಾರೆ?

ಸಿಕ್ ಲೀವ್ ಬಗ್ಗೆ ನನ್ನ ಅಭಿಪ್ರಾಯ ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಲರೂ ಒಟ್ಟಿಗೆ ಕಾಯಿಲೆ ಅಂತ ಹೇಳುವುದು ಸರಿ ಅಲ್ಲ. ಅದನ್ನು ಮಗನಿಗೂ ಹೇಳಿದ್ದೇನೆ. ಯಾರೋ ಆಸ್ಪತ್ರೆಗೆ ಹೊರಟಿರುತ್ತಾರೆ, ಯಾರೋ ಅಪ್ಪನ ಮಣ್ಣಿಗೆ ಹೊರಟಿರುತ್ತಾರೆ. ಅವರೇನು ಮಾಡಿದ್ದಾರೆ? ಆದರೆ ಪೈಲಟ್‌ಗೆ ಮಾತಾಡಲು ಬೇರೆ ಯಾವ ಬಾಗಿಲೂ ತೆರೆದಿಲ್ಲದಿದ್ದರೆ ಕೊನೆಗೆ ಹೀಗೇ ಆಗುತ್ತದೆ. ಮನಸ್ಸಿನಲ್ಲಿ ಕಳವಳ ಇಟ್ಟುಕೊಂಡು ಹಾರುವುದಕ್ಕಿಂತ ಹಾರದೇ ಇರುವುದೇ ವಾಸಿ ಅನ್ನುವವರೂ ಇದ್ದಾರೆ, ಅದನ್ನೂ ಪ್ರಯಾಣಿಕರು ಯೋಚಿಸಬೇಕು.

ಅಮೆರಿಕದಲ್ಲಿ ಸೀನಿಯಾರಿಟಿ ಪಟ್ಟಿ ಸೇರಿಸುವುದಕ್ಕೊಂದು ಕಾನೂನು ಇದೆ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಅನ್ನುವ ಹಳೆಯ ಕಂಪನಿಯನ್ನು ಕೊಂಡುಕೊಂಡಾಗ ಟಿಡಬ್ಲ್ಯುಎಯ ಸಾವಿರಕ್ಕೂ ಹೆಚ್ಚು ಪೈಲಟ್‌ಗಳನ್ನು ಪಟ್ಟಿಯ ಕೊನೆಗೆ ಅಂಟಿಸಿದರು. ಅದೇ ವರ್ಷ ಸೆಪ್ಟೆಂಬರ್ 11ರ ದಾಳಿ ಆಗಿ ವಿಮಾನಯಾನ ಕುಸಿದಾಗ ಮೊದಲು ಮನೆಗೆ ಹೋದವರು ಪಟ್ಟಿಯ ಕೊನೆಯಲ್ಲಿದ್ದ ಅವರೇ. ವರ್ಷಗಟ್ಟಲೆ ಹಾರಿದ ಅನುಭವ ಲೆಕ್ಕಕ್ಕೇ ಬರಲಿಲ್ಲ. ಆ ಅನ್ಯಾಯದ ಮೇಲೆ 2007ರಲ್ಲಿ ಮೆಕ್‌ಕ್ಯಾಸ್ಕಿಲ್–ಬಾಂಡ್ ಕಾನೂನು ಬಂತು. ಏರ್‌ಲೈನ್‌ಗಳು ವಿಲೀನವಾದರೆ ಸೀನಿಯಾರಿಟಿ ಪಟ್ಟಿಯನ್ನು ನ್ಯಾಯವಾಗಿ ಸೇರಿಸಬೇಕು, ಎರಡೂ ಕಡೆಯವರಿಗೆ ಒಮ್ಮತ ಬರದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬೇಕು ಅಂತ ಅದರಲ್ಲಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ನಮ್ಮ ಹುಡುಗರು ಕಂಪನಿಯ ಒಳ್ಳೆಯತನವನ್ನು ನಂಬಬೇಕು, ಇಲ್ಲಾಂದ್ರೆ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಾಯಬೇಕು.

ನಾಗರಿಕ ವಿಮಾನಯಾನ ಸಚಿವಾಲಯ ರದ್ದಾದ ವಿಮಾನಗಳ ವರದಿಯನ್ನು ಕಂಪನಿಯಿಂದ ಕೇಳಿದೆ. ಅದರ ಜೊತೆಗೆ ಇನ್ನೊಂದು ಕಾಗದವನ್ನೂ ಕೇಳಲಿ: ವಿಲೀನದ ನಂತರದ ಸೀನಿಯಾರಿಟಿ ಪಟ್ಟಿ ಯಾವ ತತ್ವದ ಮೇಲೆ ಆಗುತ್ತದೆ, ಯಾರು ಮಾಡುತ್ತಾರೆ, ತಕರಾರು ಇದ್ದರೆ ಯಾರ ಹತ್ತಿರ ಹೋಗಬೇಕು. ಆ ಪಟ್ಟಿಯ ಕರಡನ್ನು ಪೈಲಟ್‌ಗಳಿಗೆ ತೋರಿಸಿ, ತಕರಾರಿಗೆ ಸಮಯ ಕೊಟ್ಟು, ಆಮೇಲೆ ಸಂಬಳದ ಒಪ್ಪಂದಕ್ಕೆ ಸಹಿ ಕೇಳಲಿ. ಕಮಾಂಡ್ ಟ್ರೇನಿಂಗಿನ ತಿಂಗಳುಗಳಿಗೆ ಹಳೆಯ 70 ಗಂಟೆಯ ಸಂಬಳವನ್ನೇ ಖಚಿತ ಮಾಡಲಿ, ಇದು ಕಂಪನಿಗೆ ದೊಡ್ಡ ಹೊರೆ ಅಲ್ಲ. ಬಡ್ತಿಯ ಷರತ್ತುಗಳನ್ನು ಒಪ್ಪಂದದ ಒಳಗೇ ಬರೆಯಲಿ. ನಿಮ್ಮ ಪತ್ರಿಕೆಯ ವರದಿಗಾರರು ಮುಂದಿನ ಸಲ ವಿಮಾನ ಸಚಿವರನ್ನು ಭೇಟಿಯಾದಾಗ ಈ ಒಂದು ಪ್ರಶ್ನೆ ಕೇಳಿ, ಅವರು ಕೊಟ್ಟ ಉತ್ತರವನ್ನು ಇದ್ದ ಹಾಗೇ ಅಚ್ಚು ಹಾಕಿ ಅಂತ ನನ್ನ ಕೋರಿಕೆ.

ಇಂತಿ,
ಕೋ-ಪೈಲಟ್ ಒಬ್ಬನ ತಾಯಿ, ಹಾಸನ, ಏಪ್ರಿಲ್ 2024
(ದಯವಿಟ್ಟು ಹೆಸರು ಪ್ರಕಟಿಸಬೇಡಿ)